ನಾಲ್ಕನೇ ಟ್ಯಾಂಕಿನ ಇಪ್ಪತ್ತೊಂದು ಮೆಟ್ಟಿಲು

ವಿಕ್ರೋಳಿಯ ಸುಗುಣಾ ಆಸಿಡ್ಸ್ ಅಂಡ್ ಡೈಸ್ ಕಂಪನಿಯ ಆಸ್ತಿ ರಿಜಿಸ್ಟರಿನ ನಲವತ್ತೆರಡನೇ ಪುಟದ ಪ್ರಕಾರ, ನಾಲ್ಕನೇ ನಂಬರ್ ಆಸಿಡ್ ಟ್ಯಾಂಕಿನ ಕಬ್ಬಿಣದ ಜೀನಾಕ್ಕೆ ಇಪ್ಪತ್ತೊಂದು ಮೆಟ್ಟಿಲುಗಳಿವೆ. ೧೯೮೭ನೇ ಇಸವಿ ಏಪ್ರಿಲ್ ತಿಂಗಳಲ್ಲಿ ಮರೆಪ್ಪ ಎಣಿಸಿದಾಗ ಹದಿನಾರು ಇದ್ದವು. ಎರಡೂ ಲೆಕ್ಕ ಸರಿಯಾಗೇ ಇತ್ತು. ಒಂದು ರಿಜಿಸ್ಟರಿಂದು, ಇನ್ನೊಂದು ಕಾಲಿಂದು.

ಮರೆಪ್ಪ ಆ ಟ್ಯಾಂಕಿನ ಆಪರೇಟರ್. ದಿನಕ್ಕೆ ಮೂರು ಸಲ ಜೀನಾ ಹತ್ತಿ, ಮುಚ್ಚಳ ಸರಿಸಿ, ಅಳತೆಕೋಲು ಇಳಿಬಿಟ್ಟು, ಆಸಿಡ್ ಎಷ್ಟು ಅಡಿ ಇದೆ ಅಂತ ನೋಡಿಕೊಂಡು ಬರೋದು ಅವನ ಕೆಲಸ. ಆ ಟ್ಯಾಂಕಿನ ಹಬೆಗೆ ಕಬ್ಬಿಣ ಅಂದ್ರೆ ಪ್ರಾಣ. ಮೊದಲು ಬಣ್ಣ ತಿಂತು, ಆಮೇಲೆ ನಟ್ಟು ಬೋಲ್ಟು ತಿಂತು, ಆಮೇಲೆ ನಿಧಾನಕ್ಕೆ ಕೂತು ಮೆಟ್ಟಿಲುಗಳನ್ನ ತಿನ್ನೋಕೆ ಶುರು ಮಾಡ್ತು. ಮರೆಪ್ಪ ಇರೋ ಮೆಟ್ಟಿಲ ಮೇಲೆ ಕಾಲಿಟ್ಟು, ಇಲ್ಲದ ಮೆಟ್ಟಿಲನ್ನ ಹಾರಿ ಹೋಗ್ತಿದ್ದ. ಸಂಜೆ ಚಾಳಿನ ಮನೆಗೆ ಹೋದ ಕೂಡ್ಲೆ ಅವನ ಹೆಂಡತಿ ಶರಣವ್ವ ಕೇಳೋ ಮೊದಲನೇ ಪ್ರಶ್ನೆ, "ಇವತ್ತ ಎಷ್ಟ ಅವ?"

"ಹದಿನಾರು."

"ನಿನ್ನಿನೂ ಹದಿನಾರೇ ಇದ್ದವು. ಹಂಗಾರ ಛಲೋ ಆತು, ಕೈಕಾಲು ತೊಳಕೊ."

ಹದಿನಾರು ಮೆಟ್ಟಿಲು ರಿಜಿಸ್ಟರಿನಲ್ಲಿ ಇಪ್ಪತ್ತೊಂದಾಗಿ ಯಾಕೆ ಉಳೀತು ಅನ್ನೋದಕ್ಕೆ ಕಾರಣ ಕಂಪನಿಯ ಒಂದು ಪದ್ಧತಿ. ವರ್ಷಕ್ಕೊಂದು ಸಲ ಕಂಪನಿಯ ಎಲ್ಲ ಸಾಮಾನು ಎಣಿಸಬೇಕು ಅಂತ ಕಾನೂನು. ಆದರೆ ಮಶೀನು ಓಡ್ತಿರುವಾಗ ಹತ್ರ ಹೋಗಿ ಎಣಿಸೋಕೆ ಆಗಲ್ಲ. ವರ್ಷದಲ್ಲಿ ಎಲ್ಲ ಮಶೀನೂ ಒಟ್ಟಿಗೆ ನಿಲ್ಲೋ ದಿನ ಆಯುಧಪೂಜೆ ಒಂದೇ. ಹಾಗಾಗಿ ಪೂಜೆ ದಿನ ಕಸ ಗುಡಿಸೋ ದಾನವ್ವ ಕುಂಕುಮದ ತಟ್ಟೆ ಹಿಡ್ಕೊಂಡು ಮುಂದೆ ಹೋಗೋದು, ಸ್ಟೋರ್ಸಿನ ನಂಜುಂಡ ರಿಜಿಸ್ಟರ್ ಹಿಡ್ಕೊಂಡು ಹಿಂದೆ ಹೋಗೋದು. ದಾನವ್ವ ಯಾವುದಕ್ಕೆ ಬೊಟ್ಟಿಟ್ಟಳೋ ನಂಜುಂಡ ಅದಕ್ಕೆ ಟಿಕ್ ಹಾಕೋದು. ಬೊಟ್ಟು ಬಿದ್ದದ್ದು ಇದೆ, ಬೀಳದೇ ಇದ್ದದ್ದು ಇಲ್ಲ. ಆಡಿಟರ್ ಸಾಹೇಬ್ರು ಇದನ್ನ ನೋಡಿ, ಇಷ್ಟು ಶುದ್ಧವಾದ ಲೆಕ್ಕ ಬೇರೆ ಯಾವ ಫ್ಯಾಕ್ಟರಿಯಲ್ಲೂ ಇಲ್ಲ ಅಂತ ಬರೆದುಕೊಟ್ಟು, ಪ್ರಸಾದ ತಗೊಂಡು ಹೋಗಿದ್ರು. ಜೀನಾಕ್ಕೆ ಬೊಟ್ಟಿಡೋದು ಮೊದಲನೇ ಮೆಟ್ಟಿಲಿಗೆ ಮಾತ್ರ. ಮೇಲಿನ ಇಪ್ಪತ್ತು ಅದರ ಲೆಕ್ಕದಲ್ಲೇ ಬಂದುಬಿಡ್ತಿತ್ತು.

ನಂಜುಂಡ ಸ್ಟೋರ್ಸ್ ಮತ್ತು ರಿಪೇರಿ ಸೂಪರ್‌ವೈಸರ್. ಮಂಡ್ಯ ಕಡೆಯವನು, ಇರೋದು ಜೋಗೇಶ್ವರಿಯಲ್ಲಿ, ದಾದರಿನಲ್ಲಿ ಲೋಕಲ್ ಬದಲಾಯಿಸಿಕೊಂಡು ಬರ್ತಿದ್ದ. ಇದ್ದದ್ದನ್ನ ಇದ್ದ ಹಾಗೆ ಬರೆಯೋ ಮನುಷ್ಯ. ಆದರೆ ಪ್ರತಿ ತಿಂಗಳ ಕೊನೆಗೆ 'ಜೀನಾ ಹತ್ತಲು ಯೋಗ್ಯವಾಗಿದೆ' ಅನ್ನೋ ಕಾಗದಕ್ಕೆ ಅವನು ಸಹಿ ಹಾಕಬೇಕಿತ್ತು. ಸಹಿ ಹಾಕದೇ ಇದ್ರೆ ಟ್ಯಾಂಕ್ ನಿಲ್ಲುತ್ತೆ, ಟ್ಯಾಂಕ್ ನಿಂತ್ರೆ ಮರೆಪ್ಪನ ಕೆಲಸ ಹೋಗುತ್ತೆ. ಹಾಕಿದ್ರೆ ಮರೆಪ್ಪನೇ ಹೋಗಬಹುದು. ಇವೆರಡರ ಮಧ್ಯದ ದಾರಿ ಅಂತ ನಂಜುಂಡ ಸಹಿಯನ್ನ ಚಿಕ್ಕದು ಮಾಡ್ತಾ ಬಂದಿದ್ದ. ಜನವರಿಯಲ್ಲಿ ಅದು ಹೆಸರುಕಾಳಿನಷ್ಟಿತ್ತು. ಏಪ್ರಿಲ್‌ನಲ್ಲಿ ಇರುವೆಯಷ್ಟಾಯ್ತು. ಇನ್ನು ಚಿಕ್ಕದು ಮಾಡೋಕೆ ಪೆನ್ನಿನ ನಿಬ್ಬು ಬಿಡಲಿಲ್ಲ.

ಆವತ್ತು ಅವನು ವರ್ಕ್ಸ್ ಮ್ಯಾನೇಜರ್ ಗುರಲಿಂಗಪ್ಪನವರ ಕ್ಯಾಬಿನ್ನಿಗೆ ಹೋದ. ಗುರಲಿಂಗಪ್ಪನವರು ವಿಜಾಪುರದವರು, ಧೈರ್ಯಸ್ಥರು. ಒಂದು ಸಲ ಟ್ಯಾಂಕರಿಗೆ ಬೆಂಕಿ ಹತ್ತಿಕೊಂಡಾಗ ಒಬ್ಬರೇ ನಿಂತು ನೀರು ಹೊಡೆದಿದ್ರು. ಅವರು ಹೆದರ್ತಿದ್ದದ್ದು ತೀರ್ಮಾನಕ್ಕೆ ಮಾತ್ರ.

"ಸಾರ್, ಐದು ಮೆಟ್ಟಿಲು ಉದುರಿ ಹೋಗಿದೆ. ಕಬ್ಬಿಣದ್ದೇ ಇನ್ನೊಂದು ಹಾಕಿದ್ರೆ ಅದನ್ನೂ ಹಬೆ ತಿನ್ನತ್ತೆ. ಈಗ ಫೈಬರ್‌ಗ್ಲಾಸಿನ ಜೀನಾ ಬಂದಿದೆಯಂತೆ. ತುಕ್ಕು ಹಿಡಿಯಲ್ಲ, ಬಣ್ಣ ಬೇಡ, ವೆಲ್ಡಿಂಗ್ ಬೇಡ."

"ಫೈಬರ್‌ಗ್ಲಾಸು?" ಅಂದ್ರು ಗುರಲಿಂಗಪ್ಪನವರು. "ನಮ್ಮನ್ಯಾಗ ಅದರ ಬಕೀಟ್ ಐತಿ. ನಮ್ಮಾಕಿ ಮ್ಯಾಲ ಹತ್ತಿ ನಿಂತ್ಳು ಅಂದ್ರ ಒಂದು ನಿಮಿಷ ನಿಲ್ಲಂಗಿಲ್ಲ."

"ಅದು ಪ್ಲಾಸ್ಟಿಕ್ ಸಾರ್."

"ನೋಡು, ನನಗ ವ್ಯತ್ಯಾಸ ತಿಳೀವಲ್ದು. ನನಗ ತಿಳೀವಲ್ದು ಅಂದಮ್ಯಾಲ ಸಮಿತಿ ಮಾಡೂದು ಛಲೋ."

ಮರುದಿನ ಟೈಪಿಸ್ಟ್ ಶೀಲಾವತಿ ಟೈಪ್ ಮಾಡಿದ ಸೂಚನೆ ಬೋರ್ಡಿಗೆ ಬಂತು:

'ನಾಲ್ಕನೇ ಟ್ಯಾಂಕಿಗೆ ತಕ್ಕುದಾದ ಫೈಬರ್‌ಗ್ಲಾಸ್ ಜೀನಾ, ಓಡಾಡುವ ಜಾಲಿ ಹಾಗೂ ಮೇಲಿನ ಕಟ್ಟೆಯನ್ನು ಆಯ್ಕೆ ಮಾಡಲು ಸಮಿತಿಯೊಂದನ್ನು ರಚಿಸಲಾಗಿದೆ. ಸುರಕ್ಷತೆಯ ವಿಷಯವಾದ್ದರಿಂದ ಸಮಿತಿಯು ಅವಸರಪಡತಕ್ಕದ್ದಲ್ಲ. ಅಲ್ಲಿಯವರೆಗೆ ಈಗಿರುವ ಜೀನಾವನ್ನು ಸಾಧ್ಯವಾದಷ್ಟು ಕಡಿಮೆ ತೂಕದಿಂದ ಹತ್ತತಕ್ಕದ್ದು.'

ಮರೆಪ್ಪ ನಿಯಮ ಪಾಲಿಸಿ ಮಧ್ಯಾಹ್ನದ ರೊಟ್ಟಿಯನ್ನ ಜೀನಾ ಇಳಿದ ಮೇಲೆ ತಿನ್ನೋಕೆ ಶುರು ಮಾಡಿದ.

ಸಮಿತಿಗೆ ಗುರಲಿಂಗಪ್ಪನವರು ಅಧ್ಯಕ್ಷರು, ನಂಜುಂಡ ಸದಸ್ಯ, ನಡಾವಳಿ ಬರೆಯೋಕೆ ಶೀಲಾವತಿ. ಮರೆಪ್ಪನನ್ನ ಸೇರಿಸಿಕೊಳ್ಳೋಣ ಅಂತ ನಂಜುಂಡ ಕೇಳಿದ್ದಕ್ಕೆ, ಜೀನಾ ಹತ್ತುವವನಿಗೆ ಜೀನಾದಲ್ಲಿ ಸ್ವಂತ ಹಿತಾಸಕ್ತಿ ಇರುತ್ತೆ, ಅಂಥವರು ಸಮಿತಿಯಲ್ಲಿ ಇರಬಾರದು ಅಂತ ತೀರ್ಮಾನವಾಯ್ತು. ಗುರಲಿಂಗಪ್ಪನವರ ಜೀವನದಲ್ಲಿ ಅದೊಂದೇ ತೀರ್ಮಾನ ಐದು ನಿಮಿಷದಲ್ಲಿ ಆದದ್ದು.

ಮೊದಲನೇ ಸಭೆಗೆ ಕಿಟ್ಟು ಬಂದ. ಕಿಟ್ಟುಗೆ ಜೋಗೇಶ್ವರಿಯಲ್ಲಿ ಒಂದು ಶೆಡ್ಡು. ಹಿಂದೆ ಸೀರೆ ಅಂಗಡಿಗಳಿಗೆ ಫೈಬರ್‌ಗ್ಲಾಸಿನ ಹೆಣ್ಣುಗೊಂಬೆ ಮಾಡ್ತಿದ್ದ, ಈಗ ಜೀನಾ ಮಾಡ್ತಿದ್ದ. ಅವನು ಚೀಲದಿಂದ ಒಂದು ಅಡಿ ಚೌಕದ ಹಳದಿ ಜಾಲಿ ತೆಗೆದು, ಎರಡು ಇಟ್ಟಿಗೆ ಮೇಲಿಟ್ಟು, ಚಪ್ಪಲಿ ಬಿಟ್ಟು, ಅದರ ಮೇಲೆ ಹತ್ತಿ ಕುಣಿದ.

"ನೋಡಿ ಸಾರ್! ಬಗ್ಗತ್ತಾ? ಬಗ್ಗಲ್ಲ. ಮೇಲೆ ಮರಳು ಕೂರಿಸಿದೀನಿ, ಎಣ್ಣೆ ಬಿದ್ರೂ ಜಾರಲ್ಲ. ಚೌಕ ಚೌಕ ತೂತಿದೆ, ಆಸಿಡ್ ಚೆಲ್ಲಿದ್ರೆ ನಿಲ್ಲದೆ ಕೆಳಗೆ ಹೋಗುತ್ತೆ. ನಾಲ್ಕು ಜನ ಎತ್ತಿಕೊಂಡು ಬಂದು ಸ್ಪಾನರಿನಲ್ಲಿ ಫಿಟ್ ಮಾಡ್ತಾರೆ, ಅರ್ಧ ದಿನದ ಕೆಲಸ."

ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ದಾನವ್ವ ಅಂದಳು, "ಯಪ್ಪಾ, ಇದರಾಗ ತೂತ ಅವ. ನಾ ಮ್ಯಾಲ ಕಸ ಹೊಡೀವಾಗ ಕೆಳಗ ನಿಂತ ಗಂಡಸ್ರು ಎಲ್ಲಿ ನೋಡಬೇಕ್ರಿ?"

ಸಭೆ ಗಂಭೀರವಾಯ್ತು. ಕಟ್ಟೆಗೆ ತೂತಿಲ್ಲದ ಹಲಗೆ ಹಾಕಿಕೊಡ್ತೀನಿ ಅಂತ ಕಿಟ್ಟು ಒಪ್ಪಿಕೊಂಡ. ಮೂರು ತಿಂಗಳಲ್ಲಿ ಆ ಸಮಿತಿಗೆ ಬಂದ ಸರಿಯಾದ ಸಲಹೆ ಅದೊಂದೇ. ಕೊಟ್ಟವಳು ಸದಸ್ಯಳಲ್ಲದ ಕಾರಣ ನಡಾವಳಿಯಲ್ಲಿ ಬರಲಿಲ್ಲ.

ಆಮೇಲೆ ಪರೀಕ್ಷೆಗಳು. ಮೊದಲನೇದು ಆಸಿಡ್ ಪರೀಕ್ಷೆ. ಒಂದು ತುಂಡು ಫೈಬರ್‌ಗ್ಲಾಸು, ಹೋಲಿಸಿ ನೋಡೋಕೆ ಅಷ್ಟೇ ದೊಡ್ಡ ಒಂದು ತುಂಡು ಕಬ್ಬಿಣ, ಎರಡನ್ನೂ ಒಂದೇ ಜಾಡಿ ಆಸಿಡ್ಡಿನಲ್ಲಿ ಒಂದು ತಿಂಗಳು ಮುಳುಗಿಸಿಟ್ರು. ತಿಂಗಳಾದ ಮೇಲೆ ಜಾಡಿ ತೆಗೆದು ನೋಡಿದ್ರೆ ಫೈಬರ್‌ಗ್ಲಾಸು ಇಟ್ಟ ಹಾಗೇ ಹಳದಿಯಾಗಿ ಕೂತಿತ್ತು. ಕಬ್ಬಿಣ ಇರಲಿಲ್ಲ. ಶೀಲಾವತಿ ನಡಾವಳಿ ಬರೆದಳು: 'ಎರಡು ಮಾದರಿಗಳ ಪೈಕಿ ಒಂದು ಲಭ್ಯವಿಲ್ಲದ ಕಾರಣ ಹೋಲಿಕೆ ಸಾಧ್ಯವಾಗಲಿಲ್ಲ. ಪರೀಕ್ಷೆಯನ್ನು ಮತ್ತೊಮ್ಮೆ ಮಾಡುವುದೆಂದು ತೀರ್ಮಾನಿಸಲಾಯಿತು.'

"ಸಾರ್, ಕಬ್ಬಿಣ ಕರಗಿ ಹೋಯ್ತು ಅನ್ನೋದೇ ರಿಸಲ್ಟು ಅಲ್ವಾ?" ಅಂದ ನಂಜುಂಡ.

"ಅದು ನಿನ್ನ ಅಭಿಪ್ರಾಯ ತಮ್ಮಾ. ಸಮಿತಿಗೆ ಎರಡೂ ತುಂಡು ಮುಂದ ಕಾಣಬೇಕು."

ಇನ್ನೊಂದು ತುಂಡು ಕಬ್ಬಿಣ, ಇನ್ನೊಂದು ತಿಂಗಳು. ಅದೂ ಹೋಯ್ತು. ಕಬ್ಬಿಣದ ತುಂಡಿನ ಹಾಜರಾತಿ ಕಡ್ಡಾಯ ಅಲ್ಲ ಅಂತ ಒಂದು ಹೊಸ ನಿಯಮ ಬರೆದು ಪರೀಕ್ಷೆ ಪಾಸು ಮಾಡಿದ್ರು.

"ಇವತ್ತ ಎಷ್ಟ ಅವ?" ಅಂತ ಶರಣವ್ವ ಕೇಳಿದಳು.

"ಹನ್ನೆರಡು."

"ನಿಮ್ಮ ಸಮಿತಿ ಏನ್ ಮಾಡ್ಲಿಕತ್ತದ?"

"ನನ್ನ ಸಮಿತಿ ಅಲ್ಲ ಅದು. ಕಬ್ಬಿಣ ಕರಗತದೋ ಇಲ್ಲೋ ನೋಡ್ಲಿಕತ್ತದ."

"ಅಯ್ಯ, ಅದಕ್ಕ ಜಾಡಿ ಯಾಕ ಬೇಕಿತ್ತು, ನಿನ್ನ ಕೇಳಿದ್ರ ಹೇಳ್ತಿದ್ದಿಲ್ಲಾ?"

ಎರಡನೇದು ಕರೆಂಟಿನ ಪರೀಕ್ಷೆ. ಕಂಪನಿಯ ಒಂಬತ್ತನೇ ನಿಯಮದ ಪ್ರಕಾರ ಎಲ್ಲ ಜೀನಾಕ್ಕೂ ಅರ್ಥಿಂಗ್ ಇರಬೇಕು, ಮೀಟರ್ ಇಟ್ಟರೆ ಮುಳ್ಳು ಆಡಬೇಕು. ಫೈಬರ್‌ಗ್ಲಾಸಿಗೆ ಇಟ್ರೆ ಮುಳ್ಳು ಅಲ್ಲಾಡಲಿಲ್ಲ.

"ಕರೆಂಟು ಹರಿಯಲ್ಲ ಅನ್ನೋದೇ ಇದರ ಗುಣ ಸಾರ್," ಅಂತ ಕಿಟ್ಟು ಕೈ ಮುಗಿದ. "ಹರಿಯೋಕೇ ಆಗದೆ ಇರೋದನ್ನ ಭೂಮಿಗೆ ಕಳಿಸೋದು ಹೇಗೆ?"

"ಗುಣ ಇದ್ದೀತು. ಒಂಬತ್ತನೇ ನಿಯಮಕ್ಕ ಒಗ್ಗಬೇಕಲ್ಲಪಾ."

ಕೊನೆಗೆ ಶೀಲಾವತಿ ಟೈಪ್‌ರೈಟರಿನಿಂದ ತಲೆ ಎತ್ತದೆ ಹೇಳಿದಳು. ಅವಳು ಉಡುಪಿ ಕಡೆಯವಳು, ವಿಲೆ ಪಾರ್ಲೆಯ ಕಾಲೇಜಿನಲ್ಲಿ ಬಿಕಾಂ ಮಾಡಿದವಳು. "ಸರ್, ನಿಯಮದಲ್ಲಿ ಅರ್ಥಿಂಗ್ ವಯರ್ ಇರಬೇಕು ಅಂತ ಉಂಟು. ಅದರಲ್ಲಿ ಕರೆಂಟು ಹೋಗಬೇಕು ಅಂತ ಎಲ್ಲಿ ಉಂಟು? ಮುಳ್ಳು ಆಡಬೇಕು ಅಂತ ಮಾತ್ರ ಉಂಟು. ಮೀಟರನ್ನು ಸ್ವಲ್ಪ ಅಲ್ಲಾಡಿಸಿದ್ರೆ ಆಯ್ತಲ್ಲ."

ಮೀಟರನ್ನ ಅಲ್ಲಾಡಿಸಿದ್ರು. ಮುಳ್ಳು ಆಡಿತು. ಪಾಸು.

ಬಣ್ಣದ ವಿಷಯ ಬಂದಾಗ ಮೂವರೂ ಒಟ್ಟಿಗೆ 'ಹಳದಿ' ಅಂದುಬಿಟ್ರು. ಚರ್ಚೆ ಇಲ್ಲದೆ ಎಲ್ಲರೂ ಒಪ್ಪಿದ್ದು ಅನುಮಾನಕ್ಕೆ ಎಡೆಮಾಡುತ್ತೆ ಅಂತ ಅದನ್ನ ಮೂರು ವಾರ ಮುಂದಕ್ಕೆ ಹಾಕಿದ್ರು. ಮೂರು ವಾರ ಬಿಟ್ಟು ಮತ್ತೆ ಸೇರಿ, ಸಾಕಷ್ಟು ಜಗಳ ಆಡಿ, ಹಳದಿ ಅಂತ ಬರೆದ್ರು. ಅಷ್ಟರಲ್ಲಿ ಮಳೆಗಾಲ ಹೊರಗಡೆಯಿಂದ, ಹಬೆ ಒಳಗಡೆಯಿಂದ ಸೇರಿ ಇನ್ನೂ ಐದು ಮೆಟ್ಟಿಲು ಇಳಿಸಿದ್ವು. ಉಳಿದದ್ದು ಏಳು. ಏಳು ಮೆಟ್ಟಿಲಲ್ಲಿ ಮರೆಪ್ಪ ಹೇಗೆ ಹತ್ತುತ್ತಾನೆ ಅಂತ ನೋಡೋಕೆ ಪಕ್ಕದ ಫ್ಯಾಕ್ಟರಿಯವರು ಚಹಾದ ಹೊತ್ತಿಗೆ ಕಾಂಪೌಂಡ್ ಹತ್ರ ಬಂದು ನಿಲ್ತಿದ್ರು. ಮರೆಪ್ಪ ಎರಡೂ ಕಡೆಯ ಹಿಡಿಕಂಬಿಯಲ್ಲಿ ಜೋತು ಬಿದ್ದು ಹತ್ತೋ ಹೊಸ ಕ್ರಮ ಕಂಡುಕೊಂಡಿದ್ದ. ಕೆಲವರು ಚಪ್ಪಾಳೆ ಹೊಡೀತಿದ್ರು. ನಂಜುಂಡ ಆಗ ಸ್ಟೋರಿನೊಳಗೆ ಹೋಗಿ, ಮರೆಪ್ಪ ಬಿದ್ದ ಶಬ್ದ ಎಲ್ಲಿ ಕೇಳುತ್ತೋ ಅಂತ ಕಿವಿ ಮುಚ್ಚಿಕೊಂಡು ಕೂರ್ತಿದ್ದ.

ಗಣೇಶ ಚೌತಿ ಮುಗಿದ ವಾರ ಜೀನಾ ಬಂತು. ಕಿಟ್ಟುವಿನ ಟೆಂಪೊದಲ್ಲಿ ಇಪ್ಪತ್ತೊಂದು ಹಳದಿ ಮೆಟ್ಟಿಲು, ಹಿಡಿಕಂಬಿ, ಜಾಲಿ, ದಾನವ್ವನ ತೂತಿಲ್ಲದ ಕಟ್ಟೆ. ಗೇಟಿನಲ್ಲಿ ಸೆಕ್ಯೂರಿಟಿ ದೂಜ ಟೆಂಪೊವನ್ನ ತೂಕದ ಕಾಟಾ ಮೇಲೆ ನಿಲ್ಲಿಸಿದ. ಒಳಗೆ ಬರೋ ಮಾಲಿಗೆಲ್ಲ ತೂಕ ಆಗಲೇಬೇಕು. ತುಂಬಿದ ಗಾಡಿ ಒಮ್ಮೆ, ಖಾಲಿ ಗಾಡಿ ಒಮ್ಮೆ, ಎರಡರ ವ್ಯತ್ಯಾಸ ಮಾಲಿನ ತೂಕ. ಆದರೆ ಆ ಕಾಟಾ ಹನ್ನೆರಡು ಟನ್ನಿನ ಆಸಿಡ್ ಟ್ಯಾಂಕರುಗಳನ್ನ ತೂಗಿ ತೂಗಿ ಬೆಳೆದದ್ದು. ಇನ್ನೂರು ಕಿಲೋ ಒಳಗಿನ ಸಣ್ಣಪುಟ್ಟದಕ್ಕೆ ಅದು ಮುಳ್ಳು ಎತ್ತುತ್ತಿರಲಿಲ್ಲ.

"ತುಂಬಿದ ಗಾಡಿ ಎರಡು ಟನ್ನು," ದೂಜ ಬರಕೊಂಡ. "ಖಾಲಿ ಗಾಡಿ ಎರಡು ಟನ್ನು. ಮಾಲು ಸೊನ್ನೆ ಕಿಲೋ. ಮಾಲು ಬರ್ಲಿಲ್ಲ ಮಾರಾಯ್ರೆ."

"ಬರಲಿಲ್ವಾ? ಕಣ್ಣ ಮುಂದೆ ಇಳಿಸಿದೀವಲ್ಲಪ್ಪ!" ಅಂದ ಕಿಟ್ಟು.

"ನನ್ನ ಕಣ್ಣಿಗೆ ಕಾಣ್ತದೆ, ಇಲ್ಲ ಅಂತ ಹೇಳುದಿಲ್ಲ. ಕಾಟಾಕ್ಕೆ ಕಾಣುದಿಲ್ಲ, ನಾನು ಎಂಥ ಮಾಡುದು? ಹಗುರ ಮಾಡಿದ್ದು ನೀವು."

ವಿಷಯ ಗುರಲಿಂಗಪ್ಪನವರ ಹತ್ರ ಹೋಯ್ತು. ಅವರು ಹದಿನಾಲ್ಕನೇ ನಿಯಮ ತೆಗೆಸಿ ಓದಿದ್ರು: 'ಗೇಟಿನಲ್ಲಿ ತೂಕ ದಾಖಲಾಗದ ಮಾಲನ್ನು ಬಂದಿಲ್ಲವೆಂದು ಪರಿಗಣಿಸತಕ್ಕದ್ದು.' ಅಷ್ಟು ಹೊತ್ತಿಗೆ ಕಿಟ್ಟುವಿನ ನಾಲ್ಕು ಜನ ಹೇಳಿದ ಹಾಗೇ ಅರ್ಧ ದಿನದಲ್ಲಿ ಜೀನಾ ಫಿಟ್ ಮಾಡಿ, ಬೀಡಿ ಸೇದಿ, ಹೊರಟೇ ಹೋಗಿದ್ರು. ಹಳೇ ಕಬ್ಬಿಣದ ಜೀನಾದ ಪಕ್ಕದಲ್ಲೇ, ಒಂದು ಕೈ ಅಂತರದಲ್ಲಿ, ಹೊಸದು ಬಿಸಿಲಿಗೆ ಹಳದಿ ಹಳದಿಯಾಗಿ ನಿಂತಿತ್ತು. ಅದು ಬರುವ ತನಕ ಯಾರೂ ಅದನ್ನ ಹತ್ತಬಾರದು ಅಂತ ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಒಂದು ಬೋರ್ಡು ಬರೆಸಿ ಅದಕ್ಕೇ ತೂಗುಹಾಕಿದ್ರು:

'ಈ ಜೀನಾ ಇನ್ನೂ ಬಂದಿಲ್ಲ. ಹತ್ತಬಾರದು.'

ಮರೆಪ್ಪ ಆ ಬೋರ್ಡಿನ ಪಕ್ಕದಲ್ಲೇ, ಕಬ್ಬಿಣದ ಏಳು ಮೆಟ್ಟಿಲಿನ ಜೀನಾ ದಿನಕ್ಕೆ ಮೂರು ಸಲ ಹತ್ತಿ ಇಳಿದ. ಕಿಟ್ಟುಗೆ 'ಜೀನಾ ಬೇಗ ಕಳಿಸಿ' ಅಂತ ಒಂದು ರಿಮೈಂಡರ್ ಹೋಯ್ತು.

ನವರಾತ್ರಿ ಶುರುವಾದ ಮೂರನೇ ದಿನ ಮಧ್ಯಾಹ್ನ ಮರೆಪ್ಪ ಕೆಳಗಿಳೀತಿದ್ದಾಗ ಮೂರು ಮೆಟ್ಟಿಲು ಒಟ್ಟಿಗೆ ಹೋದವು. ಕಾಲು ಗಾಳಿಯಲ್ಲಿ ಆಡ್ತು, ಒಂದು ಕೈ ಜಾರ್ತು. ಕೆಳಗಿದ್ದ ದಾನವ್ವ ಕಿರುಚಿದಳು. ಮರೆಪ್ಪ ಇನ್ನೊಂದು ಕೈ ಚಾಚಿ, ಪಕ್ಕದ ಹಳದಿ ಹಿಡಿಕಂಬಿ ಹಿಡಿದು, ಆಕಡೆ ನೆಗೆದು, ಬರದೇ ಇರೋ ಜೀನಾದ ಹನ್ನೊಂದನೇ ಮೆಟ್ಟಿಲಿನಿಂದ ಟಕಟಕ ಅಂತ ಇಳಿದು ಬಂದು, ಬೋರ್ಡಿನ ಪಕ್ಕ ಕೂತು ನೀರು ಕೇಳಿದ.

ಸಾಯಂಕಾಲದೊಳಗೆ ಅವನ ಕೈಗೆ ಮೆಮೊ ಬಂತು. 'ತಾವು ದಿನಾಂಕ ಇಪ್ಪತ್ತಾರರಂದು ಕಂಪನಿಗೆ ಇನ್ನೂ ಬಾರದಿರುವ ಜೀನಾದಿಂದ ಕೆಳಗಿಳಿದಿರುವುದು ಗಮನಕ್ಕೆ ಬಂದಿದೆ. ಇಲ್ಲದ ಜೀನಾದಿಂದ ಇಳಿದದ್ದು ಹೇಗೆ, ಯಾರ ಅನುಮತಿಯಿಂದ ಎಂಬುದನ್ನು ಆಯುಧಪೂಜೆಯೊಳಗೆ ಲಿಖಿತವಾಗಿ ವಿವರಿಸತಕ್ಕದ್ದು. ತಪ್ಪಿದಲ್ಲಿ ತಮ್ಮನ್ನು ಕೆಲಸದಿಂದ ತೆಗೆಯಲಾಗುವುದು.'

ಮರೆಪ್ಪ ಅದನ್ನ ಹಿಡ್ಕೊಂಡು ನಂಜುಂಡನ ಹತ್ರ ಬಂದ. ಅವನ ಅಂಗೈ ಸುಲಿದಿತ್ತು.

"ನಂಜುಂಡಣ್ಣ, ಇದಕ್ಕ ಏನಂತ ಬರೀಲಿ? ಬಿದ್ದಿದ್ರ ಮೆಮೊ ಬರ್ತಿರ್ಲಿಲ್ಲ ಅಲ್ರಿ?"

"ಇಲ್ಲ," ಅಂದ ನಂಜುಂಡ. "ಬಿದ್ದಿದ್ರೆ ನನಗೆ ಬರ್ತಿತ್ತು."

"ಹಂಗಾರ ಒಬ್ರಿಗರ ಬರೂದ ಇತ್ತು." ಮರೆಪ್ಪ ನಕ್ಕ. ನಂಜುಂಡನಿಗೆ ನಗೋಕೆ ಆಗಲಿಲ್ಲ. ಮೇಜಿನ ಮೇಲೆ ಸೆಪ್ಟೆಂಬರ್ ತಿಂಗಳ ಕಾಗದ ಸಹಿಗೆ ಕಾಯ್ತಿತ್ತು. ಹಳೇ ಜೀನಾ 'ಹತ್ತಲು ಯೋಗ್ಯವಾಗಿದೆ' ಅನ್ನೋ ಸಾಲಿನ ಕೆಳಗೆ ಪೆನ್ನು ಊರಿ ಒಂದು ಚುಕ್ಕಿ ಇಟ್ಟ. ಚುಕ್ಕಿ ಕೂಡ ಸುಳ್ಳೇ ಅನ್ನಿಸ್ತು. ಕಾಗದ ಡ್ರಾಯರಿಗೆ ಹಾಕಿದ.

ಮರೆಪ್ಪ ಅಂದು ರಾತ್ರಿ ಹೆಂಡತಿಗೆ 'ನಾಲ್ಕು' ಅಂದ. ಶರಣವ್ವ ಕೈಕಾಲು ತೊಳಕೊ ಅನ್ನಲಿಲ್ಲ.

ಆಯುಧಪೂಜೆ ದಿನ ಫ್ಯಾಕ್ಟರಿ ಪೂರ್ತಿ ನಿಂತಿತ್ತು. ಮಾವಿನೆಲೆ, ಚೆಂಡುಹೂವು, ಬಾಳೆಕಂದು. ಬಾಯ್ಲರಿಗೆ ಹಾರ, ಪಂಪಿಗೆ ಹಾರ, ದೂಜನ ಕಾಟಾಕ್ಕೆ ಎಲ್ಲಕ್ಕಿಂತ ದೊಡ್ಡ ಹಾರ. ದಾನವ್ವ ಮುಂದೆ, ನಂಜುಂಡ ಹಿಂದೆ, ಅವನ ಹಿಂದೆ ರೇಷ್ಮೆ ಶಲ್ಯ ಹೊದ್ದ ಗುರಲಿಂಗಪ್ಪನವರು, ಶೀಲಾವತಿ, ಮರೆಪ್ಪ, ಇಡೀ ಶಿಫ್ಟು. ಬೊಟ್ಟು, ಟಿಕ್. ಬೊಟ್ಟು, ಟಿಕ್. ನಾಲ್ಕನೇ ಟ್ಯಾಂಕಿಗೆ ಬಂದ್ರು. ರಿಜಿಸ್ಟರಿನ ನಲವತ್ತೆರಡನೇ ಪುಟ.

ದಾನವ್ವ ಹಳೇ ಜೀನಾದ ಮುಂದೆ ಬಗ್ಗಿದಳು. ಹದಿನೆಂಟು ವರ್ಷದಿಂದ ಹೂವಿನ ಮೇಲೆ ಇಟ್ಟ ಹಾಗೆ ಬೊಟ್ಟಿಡುತ್ತಿದ್ದ ಹೆಂಗಸು ಅವತ್ತು ಯಾಕೋ ಬೆರಳು ಒತ್ತಿ ಇಟ್ಟಳು. ಮೊದಲನೇ ಮೆಟ್ಟಿಲು 'ಖಳ್' ಅಂತ ಮುರಿದು ಅವಳ ಕಾಲ ಬುಡದಲ್ಲಿ ಬಿತ್ತು.



"ಮುರದದ್ದಕ್ಕ ಕುಂಕುಮ ಹಚ್ಚಬಾರದ್ರಿ ಸಾಹೇಬ್ರ," ಅಂದಳು ದಾನವ್ವ. "ಕೇಡು."

"ಮುಂದಿನ ಮೆಟ್ಟಿಲಿಗೆ ಹಚ್ಚು," ಅಂದ್ರು ಗುರಲಿಂಗಪ್ಪನವರು.

"ಮುಂದಿಂದು ನನಗ ನಿಲುಕಂಗಿಲ್ರಿ. ಏಳನೇದು ಅದು." ಅವಳು ಬೆರಳು ಮೇಲೆತ್ತಿ ಎಲ್ಲರಿಗೂ ತೋರಿಸಿದಳು. "ಬೆರಳಾಗ ಕುಂಕುಮ ಹಂಗೇ ಅದ. ದೇವಿ ಹೆಸರಲೆ ತಗೊಂಡ ಕುಂಕುಮ ವಾಪಸ್ ತಟ್ಟಿಗೆ ಒರಸ್ಲ್ಯಾ?"

ಅಷ್ಟು ಹೇಳಿ, ಉತ್ತರಕ್ಕೆ ಕಾಯದೆ, ಪಕ್ಕದ ಹಳದಿ ಜೀನಾದ ಮೊದಲನೇ ಮೆಟ್ಟಿಲಿಗೆ ಬೊಟ್ಟಿಟ್ಟುಬಿಟ್ಟಳು.

"ಅಯ್ಯ ಅಯ್ಯ! ಅದು ಬಂದಿಲ್ಲ!" ಗುರಲಿಂಗಪ್ಪನವರ ಶಲ್ಯ ಜಾರಿತು. "ಬರದೇ ಇದ್ದದ್ದಕ್ಕ ಪೂಜಿ ಮಾಡಿದ್ಯಲ್ಲ!"

"ಸರ್," ಅಂದಳು ಶೀಲಾವತಿ, "ಕುಂಕುಮ ಬಿದ್ದಾಯ್ತು. ಈಗ ಟಿಕ್ ಹಾಕದಿದ್ರೆ ಪೂಜೆ ಅರ್ಧ ಆಗ್ತದೆ. ಪೂಜೆ ಅರ್ಧ ಆದ್ರೆ ಲೆಕ್ಕ ಅರ್ಧ. ಆಡಿಟರ್ ಕೇಳ್ತಾರೆ."

ಆಡಿಟರ್ ಅನ್ನೋ ಮಾತಿಗೆ ಗುರಲಿಂಗಪ್ಪನವರು ಜಾರಿದ ಶಲ್ಯ ಎತ್ತಿ ಹೊದ್ದುಕೊಂಡು ಹಿಂದೆ ಸರಿದ್ರು. ಎಲ್ಲರೂ ನಂಜುಂಡನ ಪೆನ್ಸಿಲ್ಲಿನ ಕಡೆ ತಿರುಗಿದ್ರು. ನಲವತ್ತೆರಡನೇ ಪುಟದಲ್ಲಿ ಇದ್ದದ್ದು ಒಂದೇ ಸಾಲು: 'ನಾಲ್ಕನೇ ಟ್ಯಾಂಕ್. ಕಬ್ಬಿಣದ ಜೀನಾ, ಒಂದು. ಮೆಟ್ಟಿಲು, ಇಪ್ಪತ್ತೊಂದು.' ಬೊಟ್ಟು ಬಿದ್ದದ್ದು ಫೈಬರ್‌ಗ್ಲಾಸಿಗೆ. ಹನ್ನೊಂದು ವರ್ಷದಿಂದ ಒಂದು ಸಲವೂ ಎಣಿಸದೆ ನಂಜುಂಡ ಟಿಕ್ ಹಾಕಿದ್ದ ಸಾಲು ಅದು. ಅವನು ಮರೆಪ್ಪನ ಸುಲಿದ ಅಂಗೈ ನೋಡಿದ. ಆಮೇಲೆ ರಿಜಿಸ್ಟರನ್ನ ಕಂಕುಳಲ್ಲಿ ಇಟ್ಟುಕೊಂಡು, ಚಪ್ಪಲಿ ಬಿಟ್ಟು, ಬೊಟ್ಟು ತುಳಿಯದ ಹಾಗೆ ಅಂಚಿಗೆ ಕಾಲಿಟ್ಟು, ಬೋರ್ಡನ್ನ ಪಕ್ಕಕ್ಕೆ ಸರಿಸಿ, ಹತ್ತೋಕೆ ಶುರು ಮಾಡಿದ.

"ಒಂದು," ಅಂದ. "ಎರಡು. ಮೂರು."

ಪಾದಕ್ಕೆ ಮರಳು ಮರಳಾಗಿ ಹತ್ತುತ್ತಿತ್ತು. ಜೀನಾ ಅಲ್ಲಾಡಲಿಲ್ಲ. ಹತ್ತು ದಾಟಿದ ಮೇಲೆ ಕೆಳಗಿದ್ದವರೂ ಅವನ ಜೊತೆ ಎಣಿಸೋಕೆ ಶುರು ಮಾಡಿದ್ರು, ದೂಜನ ಗಂಟಲು ಎಲ್ಲಕ್ಕಿಂತ ಜೋರು. ಹತ್ತೊಂಬತ್ತು! ಇಪ್ಪತ್ತು! ನಂಜುಂಡ ಕಟ್ಟೆ ಮುಟ್ಟಿದ.

"ಇಪ್ಪತ್ತೊಂದು!"

ಅವನು ಮೇಲೆ ನಿಂತ ಹಾಗೇ ರಿಜಿಸ್ಟರ್ ತೆಗೆದು ನೋಡಿದ. ಇಪ್ಪತ್ತೊಂದು ಅಂತಲೇ ಇತ್ತು. ಅವನು ಕೆಲಸಕ್ಕೆ ಸೇರಿದ ಮೇಲೆ ಮೊದಲನೇ ಸಲ ರಿಜಿಸ್ಟರೂ ಜೀನಾವೂ ಒಂದೇ ಮಾತು ಹೇಳ್ತಿದ್ದವು. ನಂಜುಂಡ ಟಿಕ್ ಹಾಕಿದ. ಎಷ್ಟು ದೊಡ್ಡ ಟಿಕ್ ಅಂದ್ರೆ ಅದರ ಬಾಲ ನಲವತ್ತಮೂರನೇ ಪುಟಕ್ಕೆ ಹೋಯ್ತು. ಕೆಳಗಿಳಿದು, ಡ್ರಾಯರಿನಿಂದ ಸೆಪ್ಟೆಂಬರ್ ಕಾಗದ ತೆಗೆದು, ಅದಕ್ಕೂ ಪೂರ್ತಿ ಹೆಸರು, ತಂದೆ ಹೆಸರು, ಊರು ಸಮೇತ ಸಹಿ ಹಾಕಿದ.

ಆಮೇಲೆ ಎಲ್ಲ ನಿಯಮದ ಪ್ರಕಾರ ನಡೀತು. ಟಿಕ್ ಬಿದ್ದದ್ದು ಕಬ್ಬಿಣದ ಜೀನಾದ ಸಾಲಿಗೆ, ಹಾಗಾಗಿ ಆ ಜೀನಾ ಕಬ್ಬಿಣದ್ದು. ಮರೆಪ್ಪ ಇಳಿದದ್ದೂ ಅದರಿಂದಲೇ. 'ನೌಕರನು ಇರುವ ಜೀನಾದಿಂದಲೇ ಇಳಿದಿರುವುದು ದೃಢಪಟ್ಟಿದೆ' ಅಂತ ಮೆಮೊ ಮುಗೀತು. ಹಳೇ ಜೀನಾದ ಉಳಿದ ಮೂರು ಮೆಟ್ಟಿಲು ಯಾವ ಸಾಲಿನಲ್ಲೂ ಇಲ್ಲದ ಕಾರಣ ಅದನ್ನ ಕಿತ್ತುಹಾಕೋಕೆ ಯಾರ ಅನುಮತಿಯೂ ಬೇಕಾಗಲಿಲ್ಲ. ಕಬ್ಬಿಣದ ಜೀನಾಗಳಿಗೆ ದೀಪಾವಳಿಯೊಳಗೆ ರೆಡ್ ಆಕ್ಸೈಡ್ ಬಳೀಬೇಕು ಅಂತ ನಿಯಮ, ಮರೆಪ್ಪ ಕುಂಕುಮದ ಬೊಟ್ಟು ಬಿಟ್ಟು ಹಳದಿ ಜೀನಾಕ್ಕೆ ಕೆಂಪು ಬಳಿದ. ಬಳಿಯೋ ಮುಂಚೆ ತುಕ್ಕು ಕೆರೆದು ಸ್ಟೋರಿಗೆ ಒಪ್ಪಿಸಬೇಕಿತ್ತು. ಮರೆಪ್ಪ ಐದನೇ ಟ್ಯಾಂಕಿನ ಜೀನಾದಿಂದ ಒಂದು ಡಬ್ಬಿ ತುಕ್ಕು ತಂದುಕೊಟ್ಟ. ಅಲ್ಲಿ ಬೇಕಾದಷ್ಟಿತ್ತು.

ಡಿಸೆಂಬರಿನಲ್ಲಿ ವಿಮೆಯ ಸರ್ವೇಯರ್ ಸಾಹೇಬ್ರು ಬಂದ್ರು. ಕಬ್ಬಿಣ ಅಂತ ಬರೆದು ಬೇರೆ ಏನೋ ಇಟ್ಟಿರ್ತಾರೆ ಅಂತ ಅವರು ಯಾವಾಗಲೂ ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಳ್ಳೋರು. ಕೆಂಪು ಜೀನಾಕ್ಕೆ ಇಟ್ರು. ಅಂಟಲಿಲ್ಲ, ಬಿತ್ತು. 'ಅರೇ,' ಅಂತ ಮತ್ತೆ ಇಟ್ರು. ಮತ್ತೆ ಬಿತ್ತು. ನಂಜುಂಡ ತುಟಿ ಕಚ್ಚಿಕೊಂಡ. ಸಾಹೇಬ್ರು ರಿಜಿಸ್ಟರ್ ನೋಡಿದ್ರು, ಕುಂಕುಮ ನೋಡಿದ್ರು, ಆ ದೊಡ್ಡ ಟಿಕ್ ನೋಡಿದ್ರು. ಅಯಸ್ಕಾಂತವನ್ನ ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ರು.

"ಇದು ಕೆಟ್ಟುಹೋಗಿದೆ," ಅಂದ್ರು.

ಸರ್ಟಿಫಿಕೇಟಿನಲ್ಲಿ 'ತುಕ್ಕಿನ ಲವಲೇಶವೂ ಇಲ್ಲದ, ಅತ್ಯುತ್ತಮವಾಗಿ ಕಾಪಾಡಿದ ಕಬ್ಬಿಣ' ಅಂತ ಬರೆದ್ರು. ಕಂಪನಿ ವತಿಯಿಂದ ಸರ್ವೇಯರ್ ಸಾಹೇಬ್ರಿಗೆ ಒಂದು ಒಳ್ಳೆ ಅಯಸ್ಕಾಂತ ಕೊಡುಗೆ ಕೊಡೋಣ ಅಂತ ಗುರಲಿಂಗಪ್ಪನವರಿಗೆ ಅನ್ನಿಸ್ತು. ಎಂಥ ಅಯಸ್ಕಾಂತ ಅಂತ ಆಯ್ಕೆ ಮಾಡೋಕೆ ಸಮಿತಿ ರಚಿಸಲಾಯ್ತು. ಇತ್ತ ಕಿಟ್ಟುಗೆ 'ಫೈಬರ್‌ಗ್ಲಾಸ್ ಜೀನಾ ಬೇಗ ಕಳಿಸಿ' ಅಂತ ತಿಂಗಳಿಗೊಂದು ರಿಮೈಂಡರ್ ಹೋಗ್ತಾನೇ ಇತ್ತು. ಅವನೂ ತಿಂಗಳಿಗೊಂದು ಕಾರ್ಡು ಬರೀತಿದ್ದ, 'ಶೀಘ್ರದಲ್ಲೇ.'

ಒಬ್ಬಳಿಗೆ ಮಾತ್ರ ನಂಬಿಕೆ ಬಂದಿರಲಿಲ್ಲ.

"ಇವತ್ತ ಎಷ್ಟ ಅವ?"

"ಇಪ್ಪತ್ತೊಂದು."

"ಮ್ಯಾನೇಜರ್ ಹಂಗ ಮಾತಾಡಬ್ಯಾಡ. ಖರೆ ಹೇಳು."

ಮುಂದಿನ ವರ್ಷದ ಆಯುಧಪೂಜೆಗೆ ಮನೆಯವರನ್ನೂ ಕರೆದಿದ್ರು. ಶರಣವ್ವ ಹೊಸ ಇಳಕಲ್ ಸೀರೆ ಉಟ್ಟು ಬಂದು ನೇರವಾಗಿ ನಾಲ್ಕನೇ ಟ್ಯಾಂಕಿನ ಮುಂದೆ ನಿಂತಳು. ದಾನವ್ವ ಜೀನಾಕ್ಕೆ ಬೊಟ್ಟಿಟ್ಟಳು, ನಂಜುಂಡ ಟಿಕ್ ಹಾಕಿದ. ಬೆರಳಲ್ಲಿ ಇನ್ನೂ ಸ್ವಲ್ಪ ಕುಂಕುಮ ಉಳಿದಿತ್ತು ಅಂತ ದಾನವ್ವ ಹಿಂದಿನ ವರ್ಷದಿಂದ ಯಾರೂ ತೆಗೆಯದೆ ಅಲ್ಲೇ ತೂಗ್ತಿದ್ದ 'ಹತ್ತಬಾರದು' ಬೋರ್ಡಿಗೂ ಒಂದು ಬೊಟ್ಟಿಟ್ಟಳು. ಬೊಟ್ಟು ಬಿದ್ದ ಮೇಲೆ ಮುಗೀತು, ನಂಜುಂಡ ಹೊಸ ಸಾಲು ಬರೆದು ಅದಕ್ಕೂ ಟಿಕ್ ಹಾಕಿದ: 'ಬೋರ್ಡು, ಒಂದು.' ಅಲ್ಲಿಂದಾಚೆಗೆ ಅದು ಕಂಪನಿಯ ಆಸ್ತಿ, ತೆಗೆಯೋಕೆ ಯಾರಿಗೂ ಅಧಿಕಾರ ಇಲ್ಲ.

ಶರಣವ್ವನಿಗೆ ಓದೋಕೆ ಬರ್ತಿರಲಿಲ್ಲ. "ಯಪ್ಪಾ, ಇದರಾಗ ಏನ್ ಬರದಾರ್ರಿ?" ಅಂತ ನಂಜುಂಡನನ್ನ ಕೇಳಿದಳು.

ಗುರಲಿಂಗಪ್ಪನವರು ಆಕಾಶ ನೋಡಿದ್ರು. ಮರೆಪ್ಪ ನೆಲ ನೋಡಿದ. ನಂಜುಂಡ ಬೋರ್ಡು ನೋಡಿ, ಕನ್ನಡಕ ಸರಿಮಾಡಿಕೊಂಡು, ನಿಧಾನವಾಗಿ ಒಂದೊಂದೇ ಅಕ್ಷರ ಓದೋ ಹಾಗೆ ಓದಿ ಹೇಳಿದ.

"ಹತ್ತಿ ಎಣಿಸಿಕೊಳ್ಳಬಹುದು ಅಂತ ಬರೆದಿದೆ ಕಣಮ್ಮ."

ಶರಣವ್ವ ಸೆರಗು ಸಿಕ್ಕಿಸಿ, ಬೋರ್ಡನ್ನ ಪಕ್ಕಕ್ಕೆ ಸರಿಸಿ, "ಒಂದು" ಅಂತ ಕಾಲಿಟ್ಟಳು.